ಓದುಗರ ಪ್ರಶ್ನೆ: ಇಪ್ಪತ್ತೆಂಟರಲ್ಲಿ ಎದುರಾಳಿಯ ಮನಸ್ಸು ಓದುವುದು ಹೇಗೆ?

ಪ್ರಶ್ನೆ: ಓಣಂ ಸಮಯಕ್ಕೆ ನಮ್ಮೂರ ಕ್ಲಬ್ಬಿನಲ್ಲಿ ಇಪ್ಪತ್ತೆಂಟು ಎಂಬ ಇಸ್ಪೀಟೆಲೆ ಆಟದ ಪಂದ್ಯಾಟ ಉಂಟು. ಆಟ ಚೆನ್ನಾಗಿಯೇ ಗೊತ್ತು. ಆದರೆ ಮುಖ ನೋಡಿಯೇ ಕೈಯಲ್ಲಿ ಯಾವ ಎಲೆ ಇದೆ ಅಂತ ಹೇಳುವವರಿದ್ದಾರಂತೆ. ಆ ವಿದ್ಯೆ ನನಗೂ ಬೇಕು ಸರ್. — ಓದುಗರು, ಬದಿಯಡ್ಕ

ಉತ್ತರ: ಮುಖ ನೋಡುವುದನ್ನು ಇವತ್ತೇ ಬಿಟ್ಟುಬಿಡಿ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಸುಮಾರು 25,000 ಜನರ ಮೇಲೆ ನಡೆದ ಪರೀಕ್ಷೆಗಳನ್ನು ಒಟ್ಟು ಹಾಕಿ 2006ರಲ್ಲಿ ಲೆಕ್ಕ ಕೊಟ್ಟರು. ಎದುರಿನವರು ಹೇಳುತ್ತಿರುವುದು ಸುಳ್ಳೋ ನಿಜವೋ ಅಂತ ಜನ ಸರಿಯಾಗಿ ಹೇಳಿದ್ದು ನೂರರಲ್ಲಿ 54 ಸಲ. ಕಣ್ಣು ಮುಚ್ಚಿ ಹೇಳಿದರೂ 50 ಸರಿಯಾಗುತ್ತದೆ, ಅಲ್ವಾ?

ಕೈ ನೋಡಿದರೆ ಸ್ವಲ್ಪ ಪ್ರಯೋಜನ ಉಂಟು. ಪೋಕರ್ ಪಂದ್ಯದ ವಿಡಿಯೋ ತುಣುಕುಗಳನ್ನು ತೋರಿಸಿ ಮಾಡಿದ ಒಂದು ಅಧ್ಯಯನ 2013ರಲ್ಲಿ ಬಂತು. ಆಟಗಾರರ ಮುಖ ಮಾತ್ರ ನೋಡಿದವರ ಅಂದಾಜು ತಪ್ಪಿತು. ಚಿಪ್ಸ್ ಮುಂದೆ ತಳ್ಳುವ ಕೈ ಮಾತ್ರ ನೋಡಿದವರು ಎಲೆ ಒಳ್ಳೆಯದೋ ಕೆಟ್ಟದೋ ಅಂತ ಅವರಿಗಿಂತ ಚೆನ್ನಾಗಿ ಹೇಳಿದರು. ಮುಖವನ್ನು ಎಲ್ಲರೂ ಕಾದುಕೊಳ್ಳುತ್ತಾರೆ, ಕೈಯ ಮೇಲೆ ಯಾರಿಗೂ ಗಮನವಿಲ್ಲ.

ಆದರೆ ನಮ್ಮ ಇಪ್ಪತ್ತೆಂಟರಲ್ಲಿ ಮನಸ್ಸು ನಿಜವಾಗಿ ಗೊತ್ತಾಗುವುದು ಕೂಗಿನಲ್ಲಿ (ಅಂದರೆ ಇಷ್ಟು ಪಾಯಿಂಟ್ ಗೆಲ್ಲುತ್ತೇವೆ ಅಂತ ಹೇಳುವುದರಲ್ಲಿ) ಮತ್ತು ಇಳಿಸುವ ಎಲೆಯಲ್ಲಿ. ಹೆಚ್ಚಿನ ಕಡೆ ಮೊದಲಿನವರು 14 ಕೂಗಲೇಬೇಕು, ಹಾಗಾಗಿ ಆ 14ರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಆಮೇಲಿನವರು ಒಂದೊಂದೇ ಏರಿಸದೆ ನೇರ 18ಕ್ಕೆ ಹಾರಿದರೆ, ಅವರ ಮೊದಲ ನಾಲ್ಕು ಎಲೆಯಲ್ಲಿ ಒಂದೇ ಜಾತಿಯ ಗುಲಾಮನೂ ಒಂಬತ್ತೂ ಇರುವ ಸಾಧ್ಯತೆ ಜಾಸ್ತಿ. ಇನ್ನೊಂದು ವಿಷಯ ನೋಡಿ: ಯಾರಿಗೋ ಇಳಿಸಿದ ಜಾತಿ ಇಲ್ಲದೆ ತುರುಪು (ಕೂಗು ಹಿಡಿದವನು ಆರಿಸಿ ಮುಚ್ಚಿಟ್ಟ, ಉಳಿದವನ್ನೆಲ್ಲ ಹೊಡೆಯುವ ಜಾತಿ) ತೆಗೆಸುವ ತನಕ, ಕೂಗು ಹಿಡಿದವನು ತನ್ನ ತುರುಪಿನ ಜಾತಿಯನ್ನು ತಾನಾಗಿ ಮೊದಲು ಇಳಿಸುವ ಹಾಗಿಲ್ಲ, ಕೈಯಲ್ಲಿ ಬೇರೆ ಏನೂ ಉಳಿಯದಿದ್ದರೆ ಮಾತ್ರ ಇಳಿಸಬಹುದು. ಅಂದರೆ ಅವನು ಎರಡು ಸಲ ಆಟ ಎತ್ತಿ ಒಮ್ಮೆ ಆಟಿನ್, ಒಮ್ಮೆ ಡೈಮನ್ ಇಳಿಸಿದ ಅಂತಿಟ್ಟುಕೊಳ್ಳಿ. ನಿಮ್ಮ ಕೈಯಲ್ಲೇ ಕ್ಲಾವರ್ ತುಂಬಾ ಇದ್ದರೆ, ಮುಚ್ಚಿಟ್ಟದ್ದು ಇಸ್ಪೀಟೇ ಇರಬೇಕು ಅಂತ ಧೈರ್ಯವಾಗಿ ಅಂದಾಜು ಮಾಡಬಹುದು. ಮುಖ ನೋಡುತ್ತಾ ಕೂತವರಿಗೆ ಇದು ಹೊಳೆಯುವುದೇ ಇಲ್ಲ.

ತಡವರಿಕೆಯನ್ನೂ ನೋಡಿ. ಒಂದು ಜಾತಿ ಇಳಿದ ಕೂಡಲೇ ಪಟ್ಟನೆ ಎಲೆ ಹಾಕಿದವನ ಕೈಯಲ್ಲಿ ಆ ಜಾತಿಯದ್ದು ಒಂದೇ ಎಲೆ ಇರಬಹುದು. ಎರಡು ಎಲೆಯ ಮೇಲೆ ಬೆರಳು ಆಡಿಸಿದವನಿಗೆ ಆಯ್ಕೆ ಉಂಟು. ಅದಕ್ಕೇ ನೀವು ಪ್ರತಿ ಎಲೆಗೂ ಒಂದೇ ಹೊತ್ತು ತೆಗೆದುಕೊಳ್ಳಿ, ಒಂದೇ ಎಲೆ ಇದ್ದಾಗಲೂ.

32 ಎಲೆಯನ್ನೂ ನೆನಪಿಡಲು ಹೋಗಬೇಡಿ. ಗುಲಾಮನಿಗೆ 3 ಪಾಯಿಂಟ್, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ನಾಲ್ಕು ಗುಲಾಮ, ನಾಲ್ಕು ಒಂಬತ್ತು ಸೇರಿದರೇ 28ರಲ್ಲಿ 20 ಆಯಿತು. ಮನುಷ್ಯನ ತಲೆಯಲ್ಲಿ ಒಮ್ಮೆಗೆ ನಿಲ್ಲುವುದು ಏಳು, ಹೆಚ್ಚುಕಮ್ಮಿ ಎರಡು ಅಂತ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲೇ ಬರೆದಿದ್ದಾರೆ. ಎಂಟು ಎಲೆಯ ಲೆಕ್ಕ ಆ ಅಳತೆಗೆ ಸರಿಯಾಗಿ ಕೂರುತ್ತದೆ. ಮನೆಯಲ್ಲಿ ಆಡುವಾಗ ಇಷ್ಟನ್ನೇ ಅಭ್ಯಾಸ ಮಾಡಿ.

ಪ್ರಶ್ನೆ: ನಾನು ಮತ್ತು ನನ್ನ ಪಾರ್ಟ್ನರ್ ಕೆಮ್ಮುವುದು, ಕಿವಿ ಮುಟ್ಟುವುದು ಅಂತೆಲ್ಲ ಸಣ್ಣ ಗುರುತು ಮಾಡಿಕೊಂಡಿದ್ದೇವೆ. ಇದೂ ಮನಶ್ಶಾಸ್ತ್ರವೇ ಅಲ್ವಾ? — ಓದುಗರು, ಕುಂಬಳೆ

ಉತ್ತರ: ಅಲ್ಲ, ಇದು ಮೋಸ. ಪಂದ್ಯದಲ್ಲಿ ಬೇಡವೇ ಬೇಡ. ಎಲೆಯ ಮೂಲಕವೇ ಎಷ್ಟೋ ಹೇಳಬಹುದು. ಪಾರ್ಟ್ನರ್ ಗೆಲ್ಲುವುದು ಖಂಡಿತ ಅಂತ ಕಂಡಾಗ ಎಕ್ಕವನ್ನೋ ಹತ್ತನ್ನೋ ಅದರ ಮೇಲೆ ಹಾಕುತ್ತೀರಿ. ಅಂಥಾ ಹೊತ್ತಿನಲ್ಲಿ ನೀವು ಏಳು ಹಾಕಿದರೆ, ಆ ಜಾತಿಯಲ್ಲಿ ನಿಮ್ಮ ಹತ್ತಿರ ಪಾಯಿಂಟ್ ಇಲ್ಲ ಅಂತ ಅವರಿಗೆ ಗೊತ್ತಾಗಬೇಕು. ಇದು ಎಲ್ಲರ ಕಣ್ಣಿಗೂ ಕಾಣುತ್ತದೆ, ಆದ್ದರಿಂದ ನ್ಯಾಯದ್ದು. ಮತ್ತೆ, ಪಾರ್ಟ್ನರ್ ತಪ್ಪು ಎಲೆ ಇಳಿಸಿದಾಗ ಮೇಜಿನಲ್ಲೇ ಬೈಯಬೇಡಿ. ಬೈಸಿಕೊಂಡವರು ಮುಂದಿನ ಆಟದಲ್ಲಿ ಹೆದರಿ ಕೂಗುವುದನ್ನೇ ನಿಲ್ಲಿಸುತ್ತಾರೆ, ಎದುರಿನವರಿಗೆ ಬೇಕಾದ್ದೂ ಅದೇ.

ಪ್ರಶ್ನೆ: ಎರಡು ಆಟ ಸೋತರೆ ಮೂರನೆಯದಕ್ಕೆ ಸುಮ್ನೆ 20, 21 ಅಂತ ಕೂಗಿಬಿಡುತ್ತೇನೆ. ಇನ್ನು ನನ್ನ ಸರದಿ ಬಂದೇ ಬರುತ್ತದೆ ಅನ್ನಿಸುತ್ತದೆ. ಮೊಬೈಲಿನಲ್ಲಿ ದುಡ್ಡು ಹಾಕಿ ರಮ್ಮಿ ಆಡುವಾಗಲೂ ಹೀಗೇ ಆಯಿತು. — ಓದುಗರು, ಉಪ್ಪಳ

ಉತ್ತರ: ನಿಮ್ಮಲ್ಲಿ ಎರಡು ವಿಷಯ ಬೆರೆತಿವೆ. ಸೋತದ್ದರ ನೋವು ಅಷ್ಟೇ ಗೆದ್ದದ್ದರ ಖುಷಿಗಿಂತ ದೊಡ್ಡದು ಅಂತ ಮನಶ್ಶಾಸ್ತ್ರಜ್ಞರಾದ ಕಾನ್ಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ತೋರಿಸಿದರು. ಆ ನೋವು ಅಳಿಸಲು ಜನ ಇಲ್ಲದ ಅಪಾಯಕ್ಕೆ ಕೈ ಹಾಕುತ್ತಾರೆ. ಇನ್ನೊಂದು ಈ ‘ಸರದಿ’. 1913ರ ಆಗಸ್ಟಿನಲ್ಲಿ ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ರೂಲೆಟ್ ಚಕ್ರದ ಗೋಲಿ ಒಂದರ ಹಿಂದೆ ಒಂದರಂತೆ 26 ಸಲ ಕಪ್ಪಿನ ಮೇಲೆಯೇ ಬಿತ್ತು. ಇನ್ನು ಕೆಂಪೇ ಬರಬೇಕು ಅಂತ ಕಟ್ಟುತ್ತಾ ಹೋದವರೆಲ್ಲ ದುಡ್ಡು ಕಳೆದುಕೊಂಡರು.

ಇಪ್ಪತ್ತೆಂಟರಲ್ಲಿ ಇದಕ್ಕೆ ಮದ್ದು ಸುಲಭ. ಮೊದಲ ನಾಲ್ಕು ಎಲೆ ನೋಡಿದ ಕೂಡಲೇ, ಬೇರೆಯವರ ಕೂಗು ಕೇಳುವ ಮೊದಲೇ, ನಿಮ್ಮ ಮಿತಿಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿ. 17 ಅಂದರೆ 17. ಸೋತ ಕೂಡಲೇ ಎದ್ದು ಹೋಗಿ ನೀರು ಕುಡಿದು ಬನ್ನಿ.

ಮೊಬೈಲ್ ರಮ್ಮಿಯ ಮಾತು ಬೇರೆ. ಅಲ್ಲಿ ಎದುರಿನವರ ಕೈಯೂ ಕಾಣುವುದಿಲ್ಲ, ಅವರು ಯಾರು ಅಂತಲೂ ತಿಳಿಯುವುದಿಲ್ಲ. ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಪಾಸು ಮಾಡಿದೆ. ಕಳೆದದ್ದನ್ನು ಅದರಲ್ಲೇ ವಾಪಸ್ ತೆಗೆಯುತ್ತೇನೆ ಅಂತ ಮತ್ತೆ ಹೋಗಬೇಡಿ. ಸಾಲ ಆಗಿದ್ದರೆ ಎಷ್ಟು ಅಂತ ಮನೆಯಲ್ಲಿ ಇವತ್ತೇ ಹೇಳಿಬಿಡಿ.