ತಲೆಯೊಳಗೆ ಏನಿದೆ ಅಂತ ನೋಡಿ ಪೌರತ್ವ ಕೊಡೋಕಾಗುತ್ತಾ?

ನೀವು ಕೇಳಿದ್ದು ಇದು: "ತೀವ್ರವಾದಿ ವಿಚಾರ ಇರುವವರಿಗೆ ಜರ್ಮನಿಯಂಥ ದೇಶ ಪೌರತ್ವ ಕೊಡಬೇಕಾ? ಕೊಡಬಾರದು ಅಂದರೂ, ಒಬ್ಬನ ಮನಸ್ಸಿನಲ್ಲಿ ಏನಿದೆ ಅಂತ ಅವರಿಗೆ ಗೊತ್ತಾಗೋದು ಹೇಗೆ?"

ಎರಡನೇ ಪ್ರಶ್ನೆಯನ್ನು ನನ್ನ ಅಮ್ಮನೂ ಕೇಳಿದ್ದಳು. ನಾನು ನ್ಯೂರೆಂಬರ್ಗ್ ಹತ್ತಿರದ ಒಂದು ಸಣ್ಣ ಊರಲ್ಲಿದ್ದೇನೆ. ಅವತ್ತು ಊಟದ ಮೇಜಿನ ಮೇಲೆ ಪೌರತ್ವದ ಅರ್ಜಿ ಹರಡಿಕೊಂಡು ಕೂತಿದ್ದೆ. ತುಮಕೂರಿನಿಂದ ಅಮ್ಮ ವಿಡಿಯೊ ಕಾಲ್‌ನಲ್ಲಿದ್ದಳು. ಏನು ಬರೀತಿದ್ದೀಯ ಅಂದಳು. ನಾನು ಅಪಾಯದ ಮನುಷ್ಯ ಅಲ್ಲ ಅಂತ ಬರೀತಿದ್ದೀನಿ ಅಂದೆ. "ಅಲ್ಲ ಕಣೋ, ನಿನ್ನ ತಲೇಲಿ ಏನು ಓಡ್ತಿದೆ ಅಂತ ಹೆತ್ತ ನನಗೇ ಗೊತ್ತಾಗಲ್ಲ. ಆ ಆಫೀಸಿನವರಿಗೆ ಹೇಗೆ ಗೊತ್ತಾಗುತ್ತೆ?" ಅಂದಳು.

ನಾನಿರುವ ಬವೇರಿಯಾ ರಾಜ್ಯದ ಅರ್ಜಿಯ ಜೊತೆ ಒಂದು ಪ್ರಶ್ನಾವಳಿ ಬರುತ್ತದೆ. ಅದಕ್ಕೆ ಅಂಟಿಕೊಂಡು ಸಂಘಟನೆಗಳ ಉದ್ದನೆಯ ಪಟ್ಟಿ. ಇವುಗಳಲ್ಲಿ ಯಾವುದಕ್ಕಾದರೂ ಸೇರಿದ್ದೀರಾ, ಹಿಂದೆ ಸೇರಿದ್ದಿರಾ, ಬೆಂಬಲ ಕೊಟ್ಟಿದ್ದೀರಾ ಅಂತ ಕೇಳುತ್ತಾರೆ. ಅಲ್‌ ಖೈದಾ ಇರುವ ಪಟ್ಟಿಯಲ್ಲೇ ಸೈಂಟಾಲಜಿ ಅನ್ನುವ ಪಂಥವೂ ಇದೆ. ನನ್ನ ಹೆಂಡತಿ ಪಟ್ಟಿ ಓದಿ ನಕ್ಕಳು. "ಅಲ್‌ ಖೈದಾದವನು ಬಂದು 'ಹೌದು' ಅಂತ ಟಿಕ್ ಹಾಕಿ ಹೋಗ್ತಾನಾ?"

ನನಗೂ ಆಗ ಇದು ಸುಮ್ನೆ ಕಾಗದದ ಆಟ ಅನಿಸಿತ್ತು. ಆಮೇಲೆ ಕಾನೂನು ಓದಿದಾಗ ಅರ್ಥ ಆಯಿತು. ಆ ಟಿಕ್ ಇವತ್ತು ಕಳ್ಳನನ್ನು ಹಿಡಿಯುವುದಕ್ಕೆ ಇಟ್ಟದ್ದಲ್ಲ. ಸುಳ್ಳು ಹೇಳಿ ಪೌರತ್ವ ತೆಗೆದುಕೊಂಡಿದ್ದು ಗೊತ್ತಾದರೆ 10 ವರ್ಷದೊಳಗೆ ಅದನ್ನು ರದ್ದು ಮಾಡಬಹುದು. 2019ಕ್ಕೆ ಮುಂಚೆ ಈ ಅವಧಿ 5 ವರ್ಷ ಇತ್ತು. ಅಂದರೆ "ಇಲ್ಲ" ಅಂತ ಹಾಕಿದ ಟಿಕ್ ಮುಂದೆ ನಿಮ್ಮ ವಿರುದ್ಧವೇ ಸಾಕ್ಷಿ ಆಗಬಹುದು.

ಟಿಕ್ ಜೊತೆಗೆ ಒಂದು ಘೋಷಣೆಗೂ ಸಹಿ ಹಾಕಬೇಕು. ಸಂವಿಧಾನದ ಮೂಲ ವ್ಯವಸ್ಥೆಗೆ ನಿಷ್ಠನಾಗಿದ್ದೇನೆ, ಅದರ ವಿರುದ್ಧದ ಯಾವ ಚಟುವಟಿಕೆಯಲ್ಲೂ ಇಲ್ಲ ಅಂತ. 2024ರ ಜೂನ್ 27ರಂದು ಹೊಸ ಕಾನೂನು ಬಂತು. ಕಾಯಬೇಕಾದ ಅವಧಿ 8 ವರ್ಷದಿಂದ 5ಕ್ಕೆ ಇಳಿಯಿತು. ಜೊತೆಗೆ ಘೋಷಣೆ ಉದ್ದ ಆಯಿತು: ನಾಜಿ ಆಡಳಿತ ಮಾಡಿದ್ದಕ್ಕೆ ಜರ್ಮನಿಗಿರುವ ಜವಾಬ್ದಾರಿಯನ್ನು ಒಪ್ಪುತ್ತೇನೆ, ಅದರಲ್ಲೂ ಯಹೂದಿಗಳ ಬದುಕಿನ ರಕ್ಷಣೆಯನ್ನು ಒಪ್ಪುತ್ತೇನೆ ಅಂತ. ನನ್ನ ಅರ್ಜಿ ಆಗ ಮಧ್ಯದಲ್ಲಿತ್ತು. ಕರೆಸಿ ಮತ್ತೊಮ್ಮೆ ಸಹಿ ಹಾಕಿಸಿಕೊಂಡರು. ಮೇಜಿನಾಚೆ ಕೂತಿದ್ದ ಹೆಂಗಸು "ನೀವು ಸಹಿ ಹಾಕ್ತಿರೋದು ಏನು ಅಂತ ನಿಮ್ಮ ಮಾತಲ್ಲಿ ಹೇಳಿ" ಅಂದರು. ಸರ್ಕಾರವನ್ನು ಓಟಿನಿಂದ ಕೆಳಗಿಳಿಸಬಹುದು, ವಿರೋಧ ಪಕ್ಷ ಇರಬಹುದು, ಕೋರ್ಟು ಯಾರ ಮಾತೂ ಕೇಳಬೇಕಿಲ್ಲ, ನಾನು ಎಲ್ಲಿ ಹುಟ್ಟಿದೆ ಅಂತ ನೋಡಿ ಮರ್ಯಾದೆ ಕಮ್ಮಿ ಮಾಡುವ ಹಾಗಿಲ್ಲ, ಅಂದೆ. ತೊದಲಿದೆ. ವ್ಯಾಕರಣ ಎರಡು ಕಡೆ ತಪ್ಪಿತು. ಆಕೆ ತಲೆ ಆಡಿಸಿದರು, ಅಷ್ಟೆ.

ಪೌರತ್ವಕ್ಕೆ ಬರೆಯಬೇಕಾದ ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 33 ಪ್ರಶ್ನೆ, 17 ಸರಿ ಇದ್ದರೆ ಪಾಸ್. 310 ಪ್ರಶ್ನೆಗಳ ಪಟ್ಟಿ ಮೊದಲೇ ಸಿಗುತ್ತದೆ. ನಮ್ಮ ಎಸ್‌ಎಸ್‌ಎಲ್‌ಸಿ ಬರೆದವರಿಗೆ ಇದು ಪರೀಕ್ಷೆಯೇ ಅಲ್ಲ.

ನಿಜವಾದ ತಪಾಸಣೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಅರ್ಜಿ ಹಾಕಿದ 16 ವರ್ಷ ಮೇಲ್ಪಟ್ಟವರ ಹೆಸರು ಇಲ್ಲಿನ ಒಳನಾಡು ಗುಪ್ತಚರ ಇಲಾಖೆಗೆ ಹೋಗುತ್ತದೆ. ಅದಕ್ಕೆ ಇಲ್ಲಿ 'ಸಂವಿಧಾನ ರಕ್ಷಣೆ' ಅನ್ನುವ ಹೆಸರು. ಅಲ್ಲಿಂದ ಏನಾದರೂ ಸುಳಿವು ಬಂದರೆ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಕ್ರಿಮಿನಲ್ ಕೇಸಿನ ಹಾಗೆ ಸಾಬೀತಾಗಬೇಕು ಅಂತಿಲ್ಲ. ಗಟ್ಟಿ ಸುಳಿವು ಇದ್ದರೆ ಸಾಕು. ಹಿಂದೆ ಅಂಥ ಕೂಟದಲ್ಲಿದ್ದವನು ಈಗ ನಾನು ಅದರಿಂದ ಹೊರಗೆ ಬಂದಿದ್ದೇನೆ ಅಂತ ನಂಬುವ ಹಾಗೆ ತೋರಿಸಿದರೆ ಕಾನೂನು ಬಾಗಿಲು ತೆರೆದಿಟ್ಟಿದೆ. ನನಗೆ ಈ ಕಾನೂನಿನಲ್ಲಿ ಇಷ್ಟ ಆದ ಸಾಲು ಇದು.

ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಒಬ್ಬರು ಕೇಳುತ್ತಾರೆ: "ಊರಿನ ರಾಜಕೀಯದ ಪೋಸ್ಟಿಗೆ ಲೈಕ್ ಒತ್ತಿದ್ದೆ, ತೊಂದರೆ ಆಗುತ್ತಾ?" ಒಬ್ಬ ಗೆಳೆಯ ಹೆದರಿ ತನ್ನ ಹಳೇ ಪೋಸ್ಟೆಲ್ಲ ಅಳಿಸಿದ. ಅದರಲ್ಲಿ ಮುಕ್ಕಾಲು ಪಾಲು ಆರ್‌ಸಿಬಿ ಸೋತ ದಿನದ ಬೈಗುಳ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ತೀವ್ರವಾದಿಗೆ ಪೌರತ್ವ ಕೊಡಬೇಕಾ? ಜರ್ಮನಿಯಲ್ಲಿ ಈ ಪ್ರಶ್ನೆ ಎದ್ದಾಗ ನನಗೆ ನೆನಪಾಗುವ ಅರ್ಜಿದಾರ ಒಬ್ಬನೇ. ಅವನ ಹೆಸರು ಅಡಾಲ್ಫ್ ಹಿಟ್ಲರ್.

ಅವನು ಹುಟ್ಟಿದ್ದು ಆಸ್ಟ್ರಿಯಾದಲ್ಲಿ ಅಂತ ಎಲ್ಲರಿಗೂ ಗೊತ್ತು. ಪೌರತ್ವದ ಕಥೆ ಅಷ್ಟಾಗಿ ಗೊತ್ತಿರುವುದಿಲ್ಲ. 1923ರ ನವೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಸರ್ಕಾರ ಕಿತ್ತೊಗೆಯಲು ದಂಗೆ ಎಬ್ಬಿಸಿದ. 4 ಪೊಲೀಸರು ಸತ್ತರು. ಮುಂದಿನ ವರ್ಷ ಕೋರ್ಟಿನಲ್ಲಿ ಶಿಕ್ಷೆ ಆಯಿತು. ಆಗ ಇದ್ದ ಕಾನೂನಿನ ಪ್ರಕಾರ ಇಂಥ ಅಪರಾಧ ಮಾಡಿದ ವಿದೇಶಿಯನ್ನು ಗಡಿಪಾರು ಮಾಡಬೇಕಿತ್ತು. ನ್ಯಾಯಾಧೀಶರು ಮಾಡಲಿಲ್ಲ. ಇಷ್ಟೊಂದು ಜರ್ಮನ್ ಆಗಿ ಯೋಚಿಸುವ, ಜರ್ಮನ್ ಸೈನ್ಯದಲ್ಲಿ ಹೋರಾಡಿದ ಮನುಷ್ಯನಿಗೆ ಆ ಕಲಮು ಹೊಂದುವುದಿಲ್ಲ ಅಂದರು. ನೋಡಿ, ಅವರೂ ತಲೆಯೊಳಗೆ ಇಣುಕಿದರು! ಇಣುಕಿ, ಇವನು ನಮ್ಮವನೇ ಅಂತ ತೀರ್ಮಾನಿಸಿದರು. ಕಣ್ಣೆದುರಿಗೆ 4 ಪೊಲೀಸರ ಹೆಣ ಇತ್ತು.

1925ರಲ್ಲಿ ಅವನು ಆಸ್ಟ್ರಿಯಾದ ಪೌರತ್ವ ಬಿಟ್ಟ. ಸುಮಾರು 7 ವರ್ಷ ಯಾವ ದೇಶದವನೂ ಆಗಿರಲಿಲ್ಲ. 1932ರಲ್ಲಿ ಅಧ್ಯಕ್ಷ ಚುನಾವಣೆಗೆ ಆಗಿನ ಅಧ್ಯಕ್ಷ ಹಿಂಡೆನ್‌ಬರ್ಗ್ ವಿರುದ್ಧ ನಿಲ್ಲಬೇಕು, ಪೌರತ್ವ ಇಲ್ಲ. ಆಗ ಸರ್ಕಾರಿ ಹುದ್ದೆ ಸಿಕ್ಕರೆ ಪೌರತ್ವ ತಾನಾಗೇ ಬರುತ್ತಿತ್ತು. ಬ್ರೌನ್‌ಶ್ವೈಗ್ ಅನ್ನುವ ಸಣ್ಣ ರಾಜ್ಯದಲ್ಲಿ ನಾಜಿ ಪಕ್ಷದ ಮಂತ್ರಿ ಡೀಟ್ರಿಶ್ ಕ್ಲಾಗ್ಗೆಸ್ ಇದ್ದ. ಮೊದಲು ಅಲ್ಲಿನ ತಾಂತ್ರಿಕ ಕಾಲೇಜಿನಲ್ಲಿ ಪ್ರೊಫೆಸರ್ ಮಾಡಿಸಲು ನೋಡಿದರು. ಆಗಲಿಲ್ಲ. ಆಮೇಲೆ ಬರ್ಲಿನ್‌ನಲ್ಲಿದ್ದ ಆ ರಾಜ್ಯದ ಪ್ರತಿನಿಧಿ ಕಚೇರಿಯಲ್ಲಿ ಒಬ್ಬ ಅಧಿಕಾರಿಯಾಗಿ ನೇಮಿಸಿದರು. ಫೆಬ್ರವರಿ 26ರಂದು ಪ್ರಮಾಣ ಮಾಡಿದ, ಸಂವಿಧಾನಕ್ಕೆ ನಿಷ್ಠೆ ಅಂತ. ಆ ಚುನಾವಣೆ ಸೋತ. ಒಂದು ವರ್ಷ ತುಂಬುವ ಮುಂಚೆ ಚಾನ್ಸೆಲರ್ ಆದ.

ಇದನ್ನು ಕೇಳಿದವರು ತಕ್ಷಣ "ಹಾಗಾದರೆ ಬಿಗಿ ಮಾಡಬೇಕು" ಅನ್ನುತ್ತಾರೆ. ಸರಿ. ಆದರೆ ಕಥೆಯ ಉಳಿದರ್ಧ ಕೇಳಿ. ಅಧಿಕಾರಕ್ಕೆ ಬಂದು 6 ತಿಂಗಳೂ ಆಗಿರಲಿಲ್ಲ. 1933ರ ಜುಲೈ 14ರಂದು ಅವನ ಸರ್ಕಾರ ಒಂದು ಕಾನೂನು ತಂದಿತು. 1918ರ ನವೆಂಬರ್‌ನಿಂದ 1933ರ ಜನವರಿಯವರೆಗೆ ಪೌರತ್ವ ಪಡೆದವರಲ್ಲಿ 'ಬೇಡವಾದವರ' ಪೌರತ್ವ ಕಿತ್ತುಕೊಳ್ಳಬಹುದು ಅಂತ. ಪೂರ್ವ ಯುರೋಪಿನಿಂದ ಬಂದಿದ್ದ ಯಹೂದಿಗಳ ಮೇಲೆ ಅದರ ಕಣ್ಣು. ಹೊರಗೆ ಹೋಗಿದ್ದ ವಿರೋಧಿಗಳ ಪೌರತ್ವಕ್ಕೂ ಅದೇ ಕಾನೂನು ಕತ್ತರಿ ಹಾಕಿತು. ಐನ್‌ಸ್ಟೈನ್ ಹೆಸರು ಹೋಯಿತು, ಕಾದಂಬರಿಕಾರ ಥಾಮಸ್ ಮಾನ್ ಹೆಸರು ಹೋಯಿತು. ಹಿಟ್ಲರ್‌ಗೆ ಪೌರತ್ವ ಸಿಕ್ಕಿದ್ದೂ ಅದೇ ಅವಧಿಯಲ್ಲೇ ಅಲ್ವಾ? ಅದನ್ನು ಯಾರೂ ಎತ್ತಲಿಲ್ಲ.

1935ರ ಸೆಪ್ಟೆಂಬರ್‌ನಲ್ಲಿ ನಾನು ದಿನಾ ಕೆಲಸಕ್ಕೆ ಹೋಗುವ ಈ ನ್ಯೂರೆಂಬರ್ಗ್‌ನಲ್ಲೇ ಹೊಸ ಪೌರತ್ವದ ಕಾನೂನು ಮಾಡಿದರು. ಯಹೂದಿಗಳು ಇನ್ನು ಮೇಲೆ ಬರೀ ಪ್ರಜೆಗಳು, ನಾಗರಿಕರಲ್ಲ ಅಂದರು. 1941ರ ನವೆಂಬರ್ ಆದೇಶದಲ್ಲಿ ದೇಶದ ಹೊರಗಿದ್ದ ಯಹೂದಿಗಳ ಪೌರತ್ವ ಪೂರ್ತಿ ಹೋಯಿತು. ಗಡಿಯಾಚೆಯ ಕೊಲೆ ಶಿಬಿರಗಳಿಗೆ ಸಾಗಿಸಿದವರೂ ಅದರಲ್ಲಿ ಸೇರಿದರು.

ಹಾಗಾಗಿ 1949ರ ಸಂವಿಧಾನದ 16ನೇ ವಿಧಿ ಕಡ್ಡಿ ಮುರಿದ ಹಾಗೆ ಹೇಳುತ್ತದೆ: ಜರ್ಮನ್ ಪೌರತ್ವವನ್ನು ಕಿತ್ತುಕೊಳ್ಳುವಂತಿಲ್ಲ. ನಾಜಿಗಳು ಕಿತ್ತುಕೊಂಡಿದ್ದನ್ನು ಅವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ವಾಪಸ್ ಕೊಡಲು ಬೇರೊಂದು ವಿಧಿ ಇದೆ. ಬೇರೆ ಪೌರತ್ವವೂ ಇರುವವನು ಹೊರದೇಶದ ಭಯೋತ್ಪಾದಕ ಸಂಘಟನೆಯ ಯುದ್ಧಕ್ಕೆ ಹೋದರೆ ಪೌರತ್ವ ಹೋಗುತ್ತದೆ ಅಂತ 2019ರಲ್ಲಿ ಸೇರಿಸಿದ್ದಾರೆ. ಇಂಥ ಕೆಲವು ಕಿಂಡಿಗಳನ್ನು ಬಿಟ್ಟರೆ ಒಮ್ಮೆ ಕೊಟ್ಟದ್ದು ಕೊಟ್ಟ ಹಾಗೆ. ಬಾಗಿಲಲ್ಲಿ ಇಷ್ಟು ಕಾಗದ ಕೇಳುವುದು ಇದಕ್ಕೇ. 2025ರ ಚುನಾವಣೆಗೆ ಮುಂಚೆ, ಆಮೇಲೆ ಚಾನ್ಸೆಲರ್ ಆದ ಫ್ರೀಡ್ರಿಶ್ ಮೆರ್ಟ್ಸ್, ಎರಡು ಪೌರತ್ವ ಇರುವವರು ಅಪರಾಧ ಮಾಡಿದರೆ ಜರ್ಮನ್ ಪೌರತ್ವ ವಾಪಸ್ ಪಡೆಯುವಂತಾಗಬೇಕು ಅಂದಾಗ ಎದ್ದ ಗದ್ದಲಕ್ಕೂ ಇದೇ ಬೇರು. ಅದನ್ನು ಕೇಳಿ ನನ್ನ ಆಫೀಸಿನ ಟರ್ಕಿ ಮೂಲದ ಗೆಳೆಯ "ಹಾಗಾದರೆ ನನ್ನದು ಬಾಡಿಗೆ ಪೌರತ್ವ" ಅಂದ. ಅವನು ಹುಟ್ಟಿದ್ದು ಇಲ್ಲೇ.

ಎಲ್ಲ ಗೆರೆಗಳೂ ಸರಿಯಾದ ಜಾಗದಲ್ಲಿವೆ ಅಂತ ನಾನು ಹೇಳುವುದಿಲ್ಲ. ಪಕ್ಕದ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಒಂದು ಕೇಸು ನನ್ನನ್ನು ಬಹಳ ಕಾಡಿದೆ. ಲೆಬನಾನ್‌ನಿಂದ 2002ರಲ್ಲಿ ಬಂದ ಒಬ್ಬ ಡಾಕ್ಟರು. ಓದಿದ್ದು ಇಲ್ಲೇ, ಆಸ್ಪತ್ರೆಯಲ್ಲಿ ಕೆಲಸ. ಪೌರತ್ವದ ಪರೀಕ್ಷೆಯಲ್ಲಿ ಪೂರ್ತಿ ಅಂಕ. ತೀವ್ರವಾದ ಬೇಡ ಅಂತ ಸಹಿಯನ್ನೂ ಹಾಕಿದ್ದರು. 2015ರಲ್ಲಿ ಪ್ರಮಾಣಪತ್ರ ಕೊಡುವ ಹೊತ್ತಿಗೆ ಮಹಿಳಾ ಅಧಿಕಾರಿ ಕೈ ಚಾಚಿದರು. ಇವರು ಕುಲುಕಲಿಲ್ಲ. ಬೇರೆ ಹೆಂಗಸರ ಕೈ ಕುಲುಕುವುದಿಲ್ಲ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೇನೆ ಅಂದರು. ಅಧಿಕಾರಿ ಪತ್ರ ವಾಪಸ್ ಇಟ್ಟುಕೊಂಡರು. ಕೇಸು ಮೇಲಕ್ಕೆ ಹೋಯಿತು. 2020ರಲ್ಲಿ ರಾಜ್ಯದ ಉನ್ನತ ಆಡಳಿತ ನ್ಯಾಯಾಲಯ ಅಧಿಕಾರಿಯ ಪರ ನಿಂತಿತು. ಇದು ಹೆಣ್ಣು ಗಂಡು ಸಮಾನತೆಯನ್ನು ತಳ್ಳಿಹಾಕಿದ ಹಾಗೆ ಅಂತ. ಆಮೇಲೆ ಅವರು ಗಂಡಸರ ಕೈಯನ್ನೂ ಕುಲುಕುವುದಿಲ್ಲ ಅಂದರು. ಕೋರ್ಟು ಅದನ್ನು ಕೇಸಿಗಾಗಿ ಹೇಳುತ್ತಿರುವ ಮಾತು ಅಂತ ಪಕ್ಕಕ್ಕಿಟ್ಟಿತು.

ನಾನು ಇದನ್ನು ಹೆಂಡತಿಗೆ ಹೇಳಿದಾಗ, "ನನ್ನ ಕೈ ಮುಟ್ಟೋಕೆ ಅಸಹ್ಯ ಪಡೋ ಡಾಕ್ಟರ ಹತ್ರ ನಾನಂತೂ ಹೋಗಲ್ಲ" ಅಂದಳು. ಅವಳ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ನನ್ನ ಅಜ್ಜ ಜೀವಮಾನದಲ್ಲಿ ಯಾವ ಹೆಂಗಸಿನ ಕೈಯನ್ನೂ ಕುಲುಕಿದವರಲ್ಲ. ನಮಸ್ಕಾರ ಮಾಡುತ್ತಿದ್ದರು. ಓಟು ತಪ್ಪಿಸಿದವರೂ ಅಲ್ಲ. ಅವರನ್ನು ಯಾವ ಪಟ್ಟಿಯಲ್ಲಿ ಹಾಕುವುದು?

2023ರ ಕೊನೆಯಲ್ಲಿ ಸ್ಯಾಕ್ಸನಿ-ಅನ್‌ಹಾಲ್ಟ್ ರಾಜ್ಯ, ಇಸ್ರೇಲ್‌ಗೆ ಅಸ್ತಿತ್ವದ ಹಕ್ಕಿದೆ ಅಂತ ಬರೆದು ಕೊಟ್ಟರೆ ಮಾತ್ರ ಪೌರತ್ವ ಅಂದಿತು. ಯಹೂದಿಗಳ ಮೇಲೆ ದ್ವೇಷ ಕಾರುವವನಿಗೆ ಇಲ್ಲಿ ಪೌರತ್ವ ಕೊಡಬಾರದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಬೇರೆ ದೇಶದ ಬಗ್ಗೆ ಸಾಲು ಬರೆಸಿಕೊಂಡರೆ ಆ ದ್ವೇಷ ಪತ್ತೆ ಆಗುತ್ತದಾ ಅನ್ನುವುದು ಬೇರೆ ವಿಷಯ. ದ್ವೇಷ ಇರುವವನು ಬರೆದುಕೊಟ್ಟು ಹೋಗುತ್ತಾನೆ. ಪ್ರಾಮಾಣಿಕನಾಗಿ ತಕರಾರು ಇರುವವನು ಸಿಕ್ಕಿಬೀಳುತ್ತಾನೆ.

ಇನ್ನೊಂದು ವಿಷಯ ಈ ಚರ್ಚೆಯಲ್ಲಿ ಯಾವಾಗಲೂ ಬದಿಗೆ ಸರಿಯುತ್ತದೆ. 2000ದ ಸೆಪ್ಟೆಂಬರ್‌ನಲ್ಲಿ ನ್ಯೂರೆಂಬರ್ಗ್‌ನಲ್ಲಿ ಟರ್ಕಿ ಮೂಲದ ಒಬ್ಬ ಹೂವಿನ ವ್ಯಾಪಾರಿಗೆ ಗುಂಡು ಹೊಡೆದರು. ಆಮೇಲಿನ 7 ವರ್ಷದಲ್ಲಿ ಅದೇ ಗ್ಯಾಂಗು ಒಟ್ಟು 10 ಜನರನ್ನು ಕೊಂದಿತು, ಅದರಲ್ಲಿ 3 ಜನರನ್ನು ಇದೇ ಊರಲ್ಲಿ. ಎನ್‌ಎಸ್‌ಯು ಅನ್ನುವ ಆ ನವನಾಜಿ ಕೂಟದವರು ಇಲ್ಲೇ ಹುಟ್ಟಿದ ಜರ್ಮನ್ನರು. ಯಾವ ಪ್ರಶ್ನಾವಳಿಯೂ ಅವರ ಮುಂದೆ ಬರಲಿಲ್ಲ. ಮಾನವ ಹಕ್ಕುಗಳ ಬೀದಿಯ ಹತ್ತಿರ ಸತ್ತವರ ನೆನಪಿಗೆ ಗಿಂಕ್ಗೊ ಮರ ನೆಟ್ಟಿದ್ದಾರೆ. ಆ ಬೀದಿಯ ಬಿಳಿ ಕಂಬಗಳ ಮೇಲೆ ಒಂದೊಂದು ಭಾಷೆಯಲ್ಲಿ ಒಂದೊಂದು ಹಕ್ಕು ಕೆತ್ತಿದೆ. 15ನೆಯದು ಪೌರತ್ವದ ಹಕ್ಕು. ನಾನು ಮಧ್ಯಾಹ್ನ ಊಟ ಮುಗಿಸಿ ಎಷ್ಟೋ ಸಲ ಅಲ್ಲಿ ಓಡಾಡಿದ್ದೇನೆ.

ನನ್ನ ಉತ್ತರ ಇಷ್ಟು. ವಿಚಾರ ಒಂದನ್ನೇ ನೋಡಿ ಬೇಡ ಅನ್ನಬಾರದು. ಮಾಡಿದ್ದು, ಸೇರಿದ್ದು, ದುಡ್ಡು ಕೊಟ್ಟಿದ್ದು, ಜನರನ್ನು ಎತ್ತಿಕಟ್ಟಿದ್ದು ಇದ್ದರೆ ಬೇಡ ಅನ್ನಲೇಬೇಕು. ಹಿಟ್ಲರ್ ಕೇಸಿನಲ್ಲಿ 1924ರ ಕೋರ್ಟು ಇದನ್ನು ತಲೆಕೆಳಗು ಮಾಡಿತ್ತು.

ನಮ್ಮ ಕಾನೂನು ಹೇಗಿದೆ ಅಂತ ಕೆಲವರು ಕೇಳಬಹುದು. ಭಾರತದ 1955ರ ಪೌರತ್ವ ಕಾಯ್ದೆಯಲ್ಲಿ ವಿದೇಶಿಯೊಬ್ಬ ಪೌರತ್ವ ಕೇಳಿದರೆ 'ಒಳ್ಳೆಯ ನಡತೆ' ಇರಬೇಕು ಅನ್ನುತ್ತದೆ. ಎರಡೇ ಪದ. ಜೊತೆಗೆ ಸಂವಿಧಾನದ 8ನೇ ಅನುಸೂಚಿಯ ಒಂದು ಭಾಷೆ ಸಾಕಷ್ಟು ಗೊತ್ತಿರಬೇಕು. ಅಂದರೆ ಬರೀ ಕನ್ನಡ ಬಂದರೂ ಆ ಷರತ್ತು ಪಾಸ್.

ನನ್ನ ಪತ್ರ ಸಿಕ್ಕಿದ್ದು 2024ರ ನವೆಂಬರ್‌ನಲ್ಲಿ. ಆ ವರ್ಷ ಇಲ್ಲಿ ಸುಮಾರು 2.92 ಲಕ್ಷ ಜನ ಪೌರತ್ವ ಪಡೆದರು. ಹಬ್ಬದ ಅಂಗಿ ಹಾಕಿಕೊಂಡು ಹೋಗಿದ್ದೆ. ಅದೇ ಹೆಂಗಸು. ಎದ್ದು ನಿಂತು ಒಂದು ವಾಕ್ಯ ಜೋರಾಗಿ ಓದಬೇಕು: ಸಂವಿಧಾನವನ್ನು, ಕಾನೂನನ್ನು ಗೌರವಿಸುತ್ತೇನೆ, ದೇಶಕ್ಕೆ ಕೇಡಾಗುವಂಥದ್ದು ಏನೂ ಮಾಡುವುದಿಲ್ಲ ಅಂತ. ಈ ಸಲ ವ್ಯಾಕರಣ ತಪ್ಪಲಿಲ್ಲ. ಆಕೆ ಪತ್ರ ಮುಂದೆ ತಳ್ಳಿದರು. ನನಗೆ ಆ ಡಾಕ್ಟರು ನೆನಪಾದರು. ಏನಾದರೂ ಆಗಲಿ ಅಂತ ನಾನೇ ಮೊದಲು ಕೈ ಚಾಚಿದೆ.

ಆಕೆ ಒಂದು ಹೆಜ್ಜೆ ಹಿಂದೆ ಸರಿದರು. "ಕ್ಷಮಿಸಿ, ನನಗೆ ಜೋರು ನೆಗಡಿ. ಇವತ್ತು ಯಾರಿಗೂ ಕೈ ಕೊಡ್ತಿಲ್ಲ."