“ಹೇಗಿದ್ರೂ ಮನೇಲೇ ಇರ್ತೀರಲ್ಲ ಅತ್ತೆ”: ನಾಯಿಮರಿ ಬಂದ ಮನೆಯ ಪ್ರಕರಣ

(ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಬೆಂಗಳೂರಿನ ಒಂದು ಫ್ಲ್ಯಾಟು, ಮೂರನೇ ಮಹಡಿ. ಗಂಡ ಸಾಫ್ಟ್‌ವೇರ್ ಕೆಲಸದಲ್ಲಿ, ವಾರಕ್ಕೆ 3 ದಿನ ಆಫೀಸಿಗೆ ಹೋಗಲೇಬೇಕು. ಹೆಂಡತಿ ಬ್ಯಾಂಕಿನಲ್ಲಿ. ಮಗ ಐದನೇ ತರಗತಿ. ಜೊತೆಗೆ ಗಂಡನ ತಾಯಿ. 67 ವರ್ಷ, ಎರಡೂ ಮಂಡಿ ನೋವು. ಮಗನ ಹುಟ್ಟುಹಬ್ಬಕ್ಕೆ ಲ್ಯಾಬ್ರಡಾರ್ ಮರಿ ತಂದು ಒಂದು ತಿಂಗಳಾಗಿತ್ತು. ಅಷ್ಟರಲ್ಲಿ ಅತ್ತೆ–ಸೊಸೆ ಮಾತು ಬಿಟ್ಟಿದ್ದರು, ಅತ್ತೆ ತುಮಕೂರಿನ ಮಗಳ ಮನೆಗೆ ಹೊರಡಲು ಬ್ಯಾಗು ತುಂಬಿಟ್ಟಿದ್ದರು. ಮನೆಯವರೆಲ್ಲ ಸಲಹೆಗೆಂದು ನಮ್ಮ ಹತ್ತಿರ ಬಂದಾಗ, “ನಾಯಿಯಿಂದ ಮನೆ ಒಡೀತಿದೆ, ಕೊಟ್ಟುಬಿಡೋದಾ?” ಎಂಬುದು ದಂಪತಿಯ ಪ್ರಶ್ನೆ.

ಅಜ್ಜಿ ಚೀಲದಿಂದ ಹಾಲಿನ ಲೆಕ್ಕದ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಇಟ್ಟರು. ಅರ್ಧ ಲೀಟರ್, ಒಂದು ಲೀಟರ್ ಎಂದು ಬರೆಯುವ ಜಾಗದ ಕೆಳಗೆ ಪೆನ್ಸಿಲ್ಲಿನಲ್ಲಿ ಸಣ್ಣ ಗೀಟುಗಳು. ಒಂದು ಗೀಟು ಅಂದರೆ ಒಂದು ಸಲ ನೆಲ ಒರೆಸಿದ್ದು. ಒಂದು ಮಂಗಳವಾರದ ಚೌಕದಲ್ಲಿ 11 ಗೀಟು. ಮಗ, ಸೊಸೆ ಇಬ್ಬರೂ ಅದನ್ನು ಮೊದಲ ಸಲ ನೋಡಿದ್ದು. ಮರಿ ತರುವ ಮೊದಲು ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಬಂದ ಮಾರನೆಯ ದಿನ ಸೊಸೆ ಹೇಳಿದ್ದು ಒಂದೇ ಮಾತು: “ಹೇಗಿದ್ರೂ ಮನೇಲೇ ಇರ್ತೀರಲ್ಲ ಅತ್ತೆ, ಸ್ವಲ್ಪ ನೋಡ್ಕೊಳ್ಳಿ.” ಆ ‘ಸ್ವಲ್ಪ’ದ ಅಳತೆಯೇ ಆ 11 ಗೀಟು. ಜಗಳ ನಾಯಿಯದ್ದಲ್ಲ, ಕೇಳದೆ ಹೊರಿಸಿದ ಕೆಲಸದ್ದು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಆದರೆ ಮಾತು ಮುಂದುವರಿಸುವ ಮೊದಲೇ ಒಂದು ತುರ್ತು ವಿಷಯ ಎದುರಾಯಿತು. ಹುಡುಗನ ಮುಂಗೈ ಮೇಲೆ ಹಲ್ಲಿನ ಗೀರು. ಹಿಂದಿನ ದಿನ ಆಟವಾಡುವಾಗ ಆಗಿದ್ದು, ರಕ್ತ ಬಂದಿತ್ತು, ಅರಿಸಿನ ಹಚ್ಚಿ ಬಿಟ್ಟಿದ್ದರು. “ಸಾಕಿದ ಮರಿ ಅಲ್ವಾ, ಏನಾಗುತ್ತೆ?” ಎಂಬ ಧೈರ್ಯ ನಮ್ಮಲ್ಲಿ ತುಂಬಾ ಮನೆಗಳಲ್ಲಿದೆ. ಅದು ತಪ್ಪು. ಮರಿಗೆ ರೇಬೀಸ್ ಲಸಿಕೆ ಆಗಿರಲಿಲ್ಲ, ಅದರ ತಾಯಿಗೆ ಆಗಿತ್ತೋ ಇಲ್ಲವೋ ಗೊತ್ತಿಲ್ಲ. ನಾಯಿಯ ಹಲ್ಲು ತಾಗಿ ಚರ್ಮ ಹರಿದರೆ ಕೂಡಲೇ ನಲ್ಲಿ ನೀರು ಬಿಟ್ಟು ಸೋಪಿನಿಂದ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ಲಸಿಕೆ ಶುರು ಮಾಡಿದರೆ ವೈದ್ಯರು ಬರೆದುಕೊಟ್ಟ ದಿನಗಳಲ್ಲಿ ಒಂದನ್ನೂ ತಪ್ಪಿಸಬಾರದು. ತಂದೆ–ಮಗನನ್ನು ಮೊದಲು ಆಸ್ಪತ್ರೆಗೆ ಕಳಿಸಿ, ಉಳಿದ ಮಾತನ್ನು ಮರುದಿನಕ್ಕೆ ಇಟ್ಟುಕೊಳ್ಳಲಾಯಿತು.

ಮರುದಿನ ಮೊದಲ ಪ್ರಶ್ನೆ: ಈ ನಾಯಿ ಯಾರದು? “ಮಗನದು” ಎಂದು ತಂದೆ ಹೇಳಿದರು. ಅದನ್ನು ಒಪ್ಪಲಾಗದು. ಲ್ಯಾಬ್ರಡಾರ್ ಸಾಮಾನ್ಯವಾಗಿ 10ರಿಂದ 12 ವರ್ಷ ಬದುಕುತ್ತದೆ. ಇವತ್ತು ಐದನೇ ತರಗತಿಯ ಹುಡುಗ ಕಾಲೇಜಿಗೆ ಬೇರೆ ಊರಿಗೆ ಹೋದಾಗಲೂ ನಾಯಿ ಇದೇ ಮನೆಯಲ್ಲಿರುತ್ತದೆ. ಹುಡುಗ ನೀರಿನ ಬಟ್ಟಲು ತೊಳೆದು ತುಂಬಿಸಲಿ, ಬ್ರಷ್ ಮಾಡಲಿ, ದೊಡ್ಡವರ ಎದುರಿಗೆ ‘ಕೂತ್ಕೋ’ ಕಲಿಸಲಿ. ಮರೆತರೆ ಮರಿ ಉಪವಾಸ ಬೀಳುವಂಥ, ಕಾಯಿಲೆ ಬೀಳುವಂಥ ಯಾವ ಕೆಲಸವೂ ಅವನ ಹೆಸರಲ್ಲಿ ಇರಬಾರದು. ಒಬ್ಬ ದೊಡ್ಡವರ ಹೆಸರು ಬೇಕು. ತಂದೆ ತಾವೇ ಒಪ್ಪಿಕೊಂಡರು.

ನಂತರ ಸಮಯದ ಪಟ್ಟಿ. ಮರಿ ಬಂದಾಗ 45 ದಿನದ್ದು, ಈಗ ಸುಮಾರು 75 ದಿನ. 8 ವಾರಕ್ಕೆ ಮೊದಲು ಮರಿ ಮಾರಬಾರದು ಎಂದು 2017ರ ಕೇಂದ್ರ ನಿಯಮವಿದೆ, ಆದರೂ 45 ದಿನಕ್ಕೆ ಮಾರುವುದು ಇನ್ನೂ ನಿಂತಿಲ್ಲ. ಇದರ ಫಲ ಹುಡುಗನ ಕೈ ಮೇಲೆ ಕಾಣುತ್ತಿತ್ತು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂದು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ. ಆ ಪಾಠವನ್ನು ಈಗ ಮನೆಯವರು ಕಲಿಸಬೇಕು: ಹಲ್ಲು ತಾಗಿದ ಕ್ಷಣ ಆಟ ನಿಲ್ಲಿಸಿ, ಕೈ ಕಟ್ಟಿ ಎದ್ದು ನಿಂತು, ಅರ್ಧ ನಿಮಿಷ ಅದರ ಕಡೆ ನೋಡದೆ ಇದ್ದು, ಆಮೇಲೆ ಕೈಯ ಬದಲು ಅಗಿಯುವ ಆಟಿಕೆ ಕೊಡುವುದು. ಕೈ ಎಳೆದುಕೊಂಡು ಕಿರುಚಿ ಓಡಿದರೆ ಮರಿಗೆ ಅದೂ ಆಟವೇ. ಹುಡುಗ ಒಂದು ತಿಂಗಳು ಮಾಡುತ್ತಿದ್ದದ್ದು ಅದನ್ನೇ.

ಉಚ್ಚೆಯ ಲೆಕ್ಕ ಸುಲಭ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ, ಹಗಲಲ್ಲಿ ಅದು ಹೆಚ್ಚೆಂದರೆ ತಡೆಯಬಲ್ಲ ಗಂಟೆಗಳು. ಎರಡೂವರೆ ತಿಂಗಳಿಗೆ ಮೂರೂವರೆ ಗಂಟೆ, ಎಚ್ಚರವಿದ್ದು ಆಡುತ್ತಿದ್ದರೆ ಅದಕ್ಕಿಂತ ಕಡಿಮೆ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ 15ರಿಂದ 30 ನಿಮಿಷದೊಳಗೆ, ಆಟ ಮುಗಿದ ಮೇಲೆ ಎತ್ತಿಕೊಂಡು ಜಾಗಕ್ಕೆ ಒಯ್ಯಬೇಕು. ಯುಟಿಲಿಟಿ ಬಾಲ್ಕನಿಯ ಮೂಲೆಯಲ್ಲಿ ಅಗಲವಾದ ಟ್ರೇ, ಅದರೊಳಗೆ ನ್ಯೂಸ್‌ಪೇಪರ್, ಮೇಲೆ ಹಿಂದಿನ ಸಲದ ಒದ್ದೆ ಕಾಗದದ ಒಂದು ತುಂಡು, ವಾಸನೆಗೆ. ಮಾಡಿ ಮುಗಿಸಿದ ಎರಡು ಸೆಕೆಂಡಿನೊಳಗೆ ಹೊಗಳಿ ಒಂದು ಚೂರು ತಿಂಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಂತಾಯಿತು.

ಮನೆಯವರು ಮರಿಯ ಮೂಗನ್ನು ಉಚ್ಚೆಗೆ ತಿಕ್ಕಿ ಬೈಯುತ್ತಿದ್ದರು. ಅದರಿಂದ ಮರಿ ಕಲಿತದ್ದು ಇವರ ಕಣ್ಣಿಗೆ ಬೀಳದಂತೆ ಸೋಫಾ ಹಿಂದೆ ಮಾಡುವುದನ್ನು. ಫಿನೈಲಿನಿಂದ ಒರೆಸಿದರೆ ನಮ್ಮ ಮೂಗಿಗೆ ವಾಸನೆ ಹೋಗುತ್ತದೆ, ನಾಯಿಯ ಮೂಗಿಗೆ ಉಳಿಯುತ್ತದೆ. ಮೇಲಾಗಿ ಅದೇ ನೆಲದ ಮೇಲೆ ನಡೆದ ಪಾದವನ್ನು ಅದು ನೆಕ್ಕುತ್ತದೆ. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ, ಉಚ್ಚೆಯ ವಾಸನೆಯನ್ನೇ ಒಡೆದು ತೆಗೆಯುವ ಎನ್‌ಜೈಮ್ ಕ್ಲೀನರ್ ತರಲು ಹೇಳಲಾಯಿತು.

ಹೊಟ್ಟೆ ಸಡಿಲವಾಗಿದ್ದಕ್ಕೆ ಕಾರಣ ಹುಡುಕಲು ಕಷ್ಟವಾಗಲಿಲ್ಲ: ಬೆಳಿಗ್ಗೆ ಹಾಲು–ಬಿಸ್ಕತ್ತು, ಮಧ್ಯಾಹ್ನ ಹುಳಿಯನ್ನ, ರಾತ್ರಿ ಪ್ಯಾಕೆಟ್ ಆಹಾರ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಜೀರ್ಣವಾಗುವುದಿಲ್ಲ. ಹುಳಿಯಲ್ಲಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣವನ್ನು ಒಡೆಯುತ್ತವೆ. ಕೇಸರಿಬಾತಿನ, ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೇ ಕುತ್ತು. ಪ್ರಸಾದವೆಂದು ಪ್ರೀತಿಯಿಂದ ಕೊಡುತ್ತಿದ್ದ ಅಜ್ಜಿ ಇದನ್ನು ಕೇಳಿ ಗಾಬರಿಯಾದರು. ಚಾಕೊಲೇಟ್, ಬೇಯಿಸಿದ ಮೂಳೆ, ಮನುಷ್ಯರ ನೋವಿನ ಮಾತ್ರೆ ಕೂಡ ಬೇಡ. ಮರಿಗಳ ಆಹಾರವನ್ನೇ, ಒಂದೇ ಬಗೆಯದನ್ನು, ದಿನದ ಅಳತೆಯನ್ನು 4 ಭಾಗ ಮಾಡಿ ಕೊಡಬೇಕು. ಬದಲಿಸುವುದಿದ್ದರೆ 7 ದಿನ ಹಿಡಿದು, ಹಳೆಯದಕ್ಕೆ ಹೊಸದನ್ನು ಕಾಲು, ಅರ್ಧ, ಮುಕ್ಕಾಲು ಎಂದು ಬೆರೆಸುತ್ತಾ.

ಲಸಿಕೆ ಪುಸ್ತಕದಲ್ಲಿ ಒಂದೇ ಸ್ಟಿಕ್ಕರ್ ಇತ್ತು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಲಸಿಕೆಗೇ ಅಡ್ಡಬರುವುದರಿಂದ, ಪಾರ್ವೊ, ಡಿಸ್ಟೆಂಪರ್ ಎಂಬ ಪ್ರಾಣಕ್ಕೇ ಕುತ್ತಾಗುವ ವೈರಸ್ ರೋಗಗಳ ಲಸಿಕೆಯನ್ನು 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ ಮತ್ತೆ ಹಾಕಿಸಬೇಕು. ರೇಬೀಸ್ ಲಸಿಕೆ ಮರಿಗೆ 3 ತಿಂಗಳಾದಾಗ. ಜಂತುಹುಳದ ಔಷಧಿ ಮರಿಯ ತೂಕ ನೋಡಿ ವೈದ್ಯರು ಹೇಳಿದಂತೆ. ಲಸಿಕೆ ಮುಗಿಯುವವರೆಗೆ ಬೀದಿಯ ನೆಲಕ್ಕೆ ಇಳಿಸಬಾರದು, ಆದರೆ ಎತ್ತಿಕೊಂಡು ಹೊರಗೆ ಹೋಗಬೇಕು: ಆಟೊ ಸದ್ದು, ಹೆಲ್ಮೆಟ್ ಹಾಕಿದವರು, ಛತ್ರಿ, ಮಕ್ಕಳು. ಸುಮಾರು 14 ವಾರದೊಳಗೆ ಕಂಡದ್ದಕ್ಕೆ ಅದು ಮುಂದೆ ಅಷ್ಟು ಹೆದರುವುದಿಲ್ಲ. ವಾಂತಿ, ರಕ್ತಭೇದಿ, ಊಟ ಬಿಡುವುದು ಕಂಡರೆ ನಾಳೆಗೆ ತಳ್ಳದೆ ಆಗಲೇ ಪಶುವೈದ್ಯರ ಹತ್ತಿರ.

ರಾತ್ರಿ ಅದನ್ನು ಬಾಲ್ಕನಿಯಲ್ಲಿ ಚೈನು ಹಾಕಿ ಕಟ್ಟುತ್ತಿದ್ದರು, ಅದು ಬೆಳಗಿನವರೆಗೆ ಅಳುತ್ತಿತ್ತು, ಕೆಳಗಿನ ಮನೆಯವರೂ ದೂರು ಕೊಟ್ಟಿದ್ದರು. ಮರಿಯ ಹಾಸಿಗೆ ತಂದೆಯ ಮಂಚದ ಪಕ್ಕಕ್ಕೆ ಬಂತು, ರಾತ್ರಿ 2ಕ್ಕೆ ಒಂದು ಅಲಾರಂ.

ಇಷ್ಟು ಕೆಲಸವನ್ನು ಕಾಗದದ ಮೇಲೆ ಬರೆದಾಗ ಆಫೀಸಿನ 3 ದಿನಗಳ ಹಗಲು ಖಾಲಿ ಉಳಿಯಿತು. ಆ ಜಾಗಕ್ಕೆ ಅಜ್ಜಿಯ ಹೆಸರು ಬರೆಯಲು ಮಗನ ಪೆನ್ನು ಮುಂದಾದಾಗ ತಡೆದು, ಮೊದಲು ಕೇಳಿ ಎಂದೆವು. “ಅಮ್ಮ, ನಿನ್ನ ಕೈಲಿ ಏನಾಗುತ್ತೆ, ಏನಾಗಲ್ಲ, ನೀನೇ ಹೇಳು” ಎಂದರು. “ಮಧ್ಯಾಹ್ನದ ಊಟ ಹಾಕ್ತೀನಿ. ಬಗ್ಗಿ ಒರೆಸೋದು ಆಗಲ್ಲ. ದೇವರ ಮನೆ, ಅಡುಗೆ ಮನೆಗೆ ಅದು ಬರಬಾರದು.” ಎರಡು ಬಾಗಿಲಿಗೂ ಅಡ್ಡಗೇಟು ಹಾಕುವುದೆಂದಾಯಿತು. ಉಳಿದದ್ದಕ್ಕೆ ಸಂಬಳ ಕೊಟ್ಟು ದಿನಕ್ಕೆ ಎರಡು ಸಲ ಬಂದು ಹೋಗುವವರನ್ನು ಗೊತ್ತುಮಾಡಲು ಹೇಳಲಾಯಿತು. ಮನೆಗೆಲಸದಾಕೆಯ ಮೇಲೆ ಸದ್ದಿಲ್ಲದೆ ಹೊರಿಸುವುದೂ ಬೇಡ. ಅವರನ್ನೂ ಕೇಳಬೇಕು, ಬೇರೆ ದುಡ್ಡು ಕೊಡಬೇಕು. ಸೊಸೆ ಅಲ್ಲಿಯೇ, “ಕೇಳಬೇಕಿತ್ತು ಅತ್ತೆ, ತಪ್ಪಾಯ್ತು” ಎಂದರು. ಅತ್ತೆ ಉತ್ತರ ಕೊಡಲಿಲ್ಲ, ಕ್ಯಾಲೆಂಡರ್ ಮಡಚಿ ಚೀಲಕ್ಕೆ ಹಾಕಿಕೊಂಡರು.

ಕೊಟ್ಟುಬಿಡುವ ಪ್ರಶ್ನೆಗೆ 6 ವಾರದ ಗಡುವು ಹಾಕಲಾಯಿತು. ಆಗಲೂ ಆಗದಿದ್ದರೆ, ಮನೆ ನೋಡಿ, ಮಾತಾಡಿ, ಲಸಿಕೆ ಪುಸ್ತಕದ ಸಮೇತ ತಿಳಿದವರಿಗೆ ಕೊಡುವುದು. ಬೀದಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. “ಅದು ತೋಟಕ್ಕೆ ಹೋಯ್ತು” ಎಂದು ಹುಡುಗನಿಗೆ ಸುಳ್ಳು ಹೇಳಬಾರದು. ಯಾಕೆ, ಯಾರಿಗೆ ಎಂದು ಮುಂಚೆಯೇ ಹೇಳಿ, ಕಳಿಸಿಕೊಡಲು ಅವನೂ ಇರಬೇಕು.

ಅಜ್ಜಿ ತುಮಕೂರಿಗೆ ಹೋಗಿ 10 ದಿನ ಇದ್ದು ಬಂದರು. ಆ 10 ದಿನ ದಂಪತಿಗೆ ನಮ್ಮ ಸಲಹೆಗಿಂತ ಹೆಚ್ಚು ಕಲಿಸಿತು. ಆರನೇ ವಾರದ ಭೇಟಿಗೆ ಕ್ಯಾಲೆಂಡರ್ ತಂದದ್ದು ಅಜ್ಜಿಯ ಮಗ. ಗೀಟುಗಳು ಅವರ ಕೈಬರಹದ್ದು, ದಿನಕ್ಕೆ ಒಂದೋ ಎರಡೋ. ನೆಂಟರು ಬಂದಾಗ ಬಾಗಿಲಲ್ಲೇ ಮರಿ ಉಚ್ಚೆ ಮಾಡುವುದು ನಿಂತಿಲ್ಲ. ಅದು ಸಂಭ್ರಮಕ್ಕೆ ಆಗುವಂಥದ್ದು, ಬೈದರೆ ಹೆಚ್ಚುತ್ತದೆ. ಬಂದವರು ಮೊದಲ ಎರಡು ನಿಮಿಷ ಅದರ ಕಡೆ ನೋಡದೆ ಒಳಗೆ ಬರಲಿ ಎಂದು ತಿಳಿಸಿ, 16 ವಾರದ ಲಸಿಕೆಯ ತಾರೀಕನ್ನು ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಲಾಯಿತು.