ಗೋಳಿಬಜೆಗೂ ತೆರಿಗೆಯಾ?

ಸಂಜೆ ಆಫೀಸಿನವರು ಕೊಡುವ ಚಹಾ-ಗೋಳಿಬಜೆಗೂ ದೀಪಾವಳಿಯ 3,000 ರೂಪಾಯಿ ಗಿಫ್ಟ್ ವೋಚರಿಗೂ ತೆರಿಗೆ ಬೀಳುತ್ತದಾ, ಬೀಳಬೇಕಾ ಅಂತ ಕೇಳಿದ್ದೀರಿ. ಕೆಲಸದ ಹೊತ್ತಿನ ಚಹಾ-ತಿಂಡಿಗೆ ತೆರಿಗೆ ಇಲ್ಲ, ನೆಮ್ಮದಿಯಾಗಿ ತಿನ್ನಿ. ವೋಚರಿಗೆ 1962ರ ಆದಾಯ ತೆರಿಗೆ ನಿಯಮಗಳಲ್ಲಿ ಮಿತಿ ಇತ್ತು: ವರ್ಷದ ಉಡುಗೊರೆಗಳೆಲ್ಲ ಸೇರಿ 5,000 ರೂಪಾಯಿಗಿಂತ ಕಮ್ಮಿ ಇದ್ದರೆ ತೆರಿಗೆ ಇರಲಿಲ್ಲ. ನಿಮ್ಮದು ಅದರೊಳಗೇ ಇದೆ. ಆದರೆ ಅದೇ ಹಣ ನಗದಾಗಿ ಬಂದರೆ ಸಂಬಳದ ಲೆಕ್ಕವೇ.

ಆಫೀಸಿನವರು ಕೊಡುವ ಊಟಕ್ಕೆ ಆ ನಿಯಮಗಳಲ್ಲಿದ್ದ ತೆರಿಗೆರಹಿತ ಮಿತಿಯಂತೂ ಹೊತ್ತಿಗೆ 50 ರೂಪಾಯಿ. ಮಂಗಳೂರಲ್ಲಿ ಅಷ್ಟಕ್ಕೆ ಮೀನೂಟ ಸಿಗುತ್ತದಾ ಮಾರಾಯ್ರೆ!

ಬೀಳಬೇಕಾ ಅಂದರೆ, ಬಜೆ ಎಣಿಸುವ ಗುಮಾಸ್ತರ ಸಂಬಳವೇ ತೆರಿಗೆಗಿಂತ ಜಾಸ್ತಿಯಾದೀತು. ಹಾಗಂತ ಮಿತಿಯೇ ಬೇಡ ಅನ್ನಲಾರೆ. ಆಗ ಧಣಿಗಳು ಅರ್ಧ ಸಂಬಳವನ್ನು ವೋಚರಲ್ಲೇ ಕೊಟ್ಟಾರು, ಪಿಎಫ್ ಕೂಡ ಕಮ್ಮಿಯಾದೀತು, ಅಲ್ವಾ?